ಅಪ್ಪನ ಶೆಡ್ಡಿನಲ್ಲಿ ಸಿಕ್ಕ ಎರಡು ಚಕ್ರ

ಅಪ್ಪ ತೀರಿಕೊಂಡ ವರ್ಷವೇ ಅವನ ಟ್ಯಾಕ್ಸಿಯನ್ನು ಮಾರಬೇಕಾಯಿತು. ಎಂಬತ್ತರ ದಶಕದ ನಡುವಿನ ಮಾತು. ಮಧುಗಿರಿಯ ನಮ್ಮ ಮನೆಯ ಪಕ್ಕದಲ್ಲಿ ತಗಡು ಹೊದಿಸಿದ ಶೆಡ್ಡಿನಲ್ಲಿ ಆ ಅಂಬಾಸಿಡರ್ ನಿಲ್ಲುತ್ತಿತ್ತು. ಕೊಳ್ಳಲು ಬಂದ ಕೊರಟಗೆರೆಯವರು ಬಿಡಿಭಾಗಗಳನ್ನೂ ಕೇಳಿದರೆಂದು ಮೂಲೆ ಕೆದಕಿದೆ. ಗೋಣಿಚೀಲಗಳ ಅಡಿಯಲ್ಲಿ ಎರಡು ಚಕ್ರ ಸಿಕ್ಕವು.

ಅವರು ಒಂದನ್ನು ಉರುಳಿಸಿ ನೋಡಿದರು. "ಇವು ಈ ಕಾರಿಂದಲ್ಲ ಕಣಪ್ಪ. ನಡುವೆ ಏನೋ ಬೆಸ್ದವ್ರೆ ನೋಡು. ಇನ್ಯಾವ ಕಾರ್ಗೂ ಕೂರಲ್ಲ."

ನಿಜ. ಬೋಲ್ಟಿನ ತೂತುಗಳ ಮೇಲೆ ಕಬ್ಬಿಣದ ತಟ್ಟೆ ವೆಲ್ಡ್ ಮಾಡಿ, ನಡುವೆ ದಪ್ಪ ಕೊಳವೆ ಕೂರಿಸಿದ್ದರು. ಅವ್ವನನ್ನು ಕೇಳಿದರೆ, "ನಂಗೇನ್ ಗೊತ್ತು, ಆ ಶೆಡ್ಡಿನೊಳಕ್ಕೆ ನನ್ನ ಬುಡ್ತಾನೇ ಇರ್ಲಿಲ್ಲ" ಎಂದಳು.

ಅಪ್ಪ ಹಳೇ ಸಾಮಾನು ತರುತ್ತಿದ್ದುದು ಶಿರಾದ ಒಂದೇ ಗುಜರಿ ಅಂಗಡಿಯಿಂದ. ಒಂದು ಚಕ್ರವನ್ನು ಬಸ್ಸಿನ ಟಾಪಿಗೆ ಹಾಕಿಸಿಕೊಂಡು ಅಲ್ಲಿಗೆ ಹೊರಟೆ. ಮಾರುವುದಕ್ಕಲ್ಲ, ಅಪ್ಪ ಇದನ್ನೇಕೆ ಮುಚ್ಚಿಟ್ಟಿದ್ದ ಎಂಬುದೇ ತಲೆ ತಿನ್ನುತ್ತಿತ್ತು.

ಅಂಗಡಿಯ ಮುದುಕರು ಬೆಸುಗೆಯ ಮೇಲೆ ಬೆರಳಾಡಿಸಿದರು. "ಅರೆ, ಇದು ನಾನೇ ಮಾಡಿದ್ದು! ಮಧುಗಿರಿ ಡ್ರೈವರ್ ಸಾಹೇಬ್ರ ಮಗಾನಾ ನೀವು?"

ಅಪ್ಪ ಹೋದದ್ದನ್ನು ಹೇಳಿದೆ. ನನ್ನನ್ನು ಕೂರಿಸಿ ಟೀ ತರಿಸಿದರು.

"ಹಳೇ ಕಾರೊಂದು ಬಿಚ್ಚಿದ್ವಿ, ಅದರ ಚಕ್ರ ಇವು. ಎತ್ತಿನ ಗಾಡಿಗೆ ಕೂರಂಗೆ ಮಾಡ್ಕೊಡಿ ಅಂದ್ರು ನಿಮ್ಮಪ್ಪ. ಮಗೂಗೆ ಕಾಲಿಲ್ಲ, ಇಸ್ಕೂಲಿಗೆ ಕಳಿಸ್ಬೇಕು, ಕಬ್ಬಿಣದ ಪಟ್ಟಿ ಗಾಡಿ ಆದ್ರೆ ಎತ್ತಿ ಕುಕ್ತದೆ, ಟೈರಾದ್ರೆ ಮೆತ್ತಗೆ ಹೋಗ್ತದೆ ಅಂತ. ಆ ಬೇಟಿ ಈಗ ಹೆಂಗಿದಾಳೆ?"

ಟೀ ಲೋಟ ಕೆಳಗಿಟ್ಟೆ. ಆ ಮಗು ನನ್ನ ಅಕ್ಕ. ಎಪ್ಪತ್ತರ ದಶಕದಲ್ಲಿ, ನಾವಿನ್ನೂ ಬಡವನಹಳ್ಳಿ ಹತ್ತಿರದ ಊರಲ್ಲಿದ್ದಾಗ, ಪೋಲಿಯೋ ಬಂದು ಅವಳ ಕಾಲುಗಳು ಬತ್ತಿಹೋಗಿದ್ದವು. ನಾನು ಶಾಲೆಯಿಂದ ಬಂದೊಡನೆ ಸ್ಲೇಟು ಕಿತ್ತುಕೊಂಡು, ನನಗಿಂತ ದುಂಡಗೆ ಅಕ್ಷರ ಬರೆಯುತ್ತಿದ್ದಳು. ಒಂದು ಮಳೆಗಾಲ ಜ್ವರ ಬಂದು ಹೋಗಿಬಿಟ್ಟಳು. ಆಮೇಲೆ ಅಪ್ಪ ಅವಳ ಹೆಸರೆತ್ತಲಿಲ್ಲ, ನಮಗೂ ಎತ್ತಗೊಡಲಿಲ್ಲ.

"ಗಾಡಿ ಆಗುವ ಮೊದಲೇ ಅವಳು ಹೋದಳು" ಎಂದೆ. ಅವರು ಚಕ್ರದ ಮೇಲಿದ್ದ ಕೈ ತೆಗೆದರು.

ಮನೆಗೆ ಬಂದಾಗ ಅವ್ವ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಹೇಳಿದೆ. ಅವಳ ಕೈ ನಿಂತಿತು.

"ಗಾಡಿ ಮಾಡ್ತೀನಿ ಅಂತ ನನ್ ಕೂಡೆ ಒಂದ್ ಮಾತು ಅನ್ಲಿಲ್ಲ ಕಣ್ಲಾ. ಅವಳು ಹೋದಾಗ ಒಂದ್ ಹನಿ ಕಣ್ಣೀರಾಕ್ಲಿಲ್ಲ. ಇವನೆಂಥ ಕಲ್ಲು ಅಂತ ಮನಸ್ನಾಗೆ ಬೈಕೊಂಡೇ ಬಾಳ್ದೆ ನಾನು."

ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. ಅಪ್ಪ ಸತ್ತಾಗಲೂ ಅವಳು ಹಾಗೆ ಅತ್ತಿರಲಿಲ್ಲ.

ಶೆಡ್ಡು ಖಾಲಿಯಾದರೂ ಆ ಚಕ್ರಗಳನ್ನು ಅವ್ವ ಯಾರಿಗೂ ಕೊಡಲು ಬಿಡಲಿಲ್ಲ. ಅಕ್ಕನ ಮಾತು ಮಾತ್ರ ಅಂದಿನಿಂದ ಮನೆಯೊಳಗೆ ಬಂತು. ಫೋಟೋ ಒಂದೂ ಇಲ್ಲ. ಅವಳ ಮುಖ ನನಗೆ ಸರಿಯಾಗಿ ನೆನಪಿಲ್ಲ. ಹುರಿಗಡಲೆ ಎಂದರೆ ಪ್ರಾಣವಂತೆ. ಜಗಲಿಯ ಮೇಲೆ ಕೂತು ಹಟ್ಟಿಯ ಕೋಳಿಗಳಿಗೆಲ್ಲ ಹೆಸರಿಟ್ಟು ಕೂಗುತ್ತಿದ್ದಳಂತೆ. ಅವ್ವ ಆ ಹೆಸರುಗಳನ್ನು ಒಂದೊಂದಾಗಿ ಹೇಳಿದಳು. ಒಂದು ಕೋಳಿಯ ಹೆಸರು ಎಷ್ಟು ಯೋಚಿಸಿದರೂ ಬರಲಿಲ್ಲ. ಅದಕ್ಕೇ ಮತ್ತೆ ಅತ್ತಳು.