ಇನ್ನಾಸಪ್ಪನವರಿಗೊಂದು ಗಂಟೆ

ನಮ್ಮ ಲಷ್ಕರ್ ಮೊಹಲ್ಲಾದ ಬೀದಿಯಲ್ಲಿ ನಲ್ಲಿ ಸೋರಿದರೂ, ಮಿಕ್ಸಿ ಮುನಿಸಿಕೊಂಡರೂ ಮೊದಲು ನೆನಪಾಗುತ್ತಿದ್ದವರು ಇನ್ನಾಸಪ್ಪನವರು. ಅವರ ಕಿಸೆಯಲ್ಲಿ ಜಪಮಾಲೆಯೂ ಸ್ಕ್ರೂಡ್ರೈವರೂ ಒಂದಕ್ಕೊಂದು ಸಿಕ್ಕಿಹಾಕಿಕೊಂಡೇ ಇರುತ್ತಿದ್ದವು. ಕೆಟ್ಟ ವಸ್ತುವನ್ನು ಕಿವಿಗೆ ಹಿಡಿದು, "ಏನೂ ಆಗಿಲ್ಲ ಕಣಮ್ಮ, ಸ್ವಲ್ಪ ಬೇಜಾರಾಗಿದೆ ಅಷ್ಟೇ" ಎನ್ನುತ್ತಿದ್ದರು. ಭಾನುವಾರ ಹೆಂಡತಿ, ಮಗಳೊಂದಿಗೆ ಪೂಜೆಗೆ ಕೂತಾಗಲೂ ಚರ್ಚಿನ ಫ್ಯಾನು ಕಿರುಗುಟ್ಟಿದರೆ ಅವರ ಕಣ್ಣು ಬಲಿಪೀಠ ಬಿಟ್ಟು ಮೇಲಕ್ಕೇರುತ್ತಿತ್ತು. "ಸ್ವರ್ಗಕ್ಕೆ ಹೋದರೂ ಇವರು ಮೊದಲು ಬಾಗಿಲಿನ ಕೀಲು ನೋಡ್ತಾರೆ" ಎಂದು ಹೆಂಡತಿ ಜ್ಞಾನಮ್ಮ ಗೊಣಗುತ್ತಿದ್ದರು. ಚರ್ಚಿನವರು ಯಾರೇ ತೀರಿಕೊಂಡರೂ ಗಂಟೆ ಹೊಡೆಯುವ ಕೆಲಸವನ್ನು ಮಾತ್ರ ಇನ್ನೊಬ್ಬರಿಗೆ ಬಿಟ್ಟವರಲ್ಲ. "ಹೋಗೋರ ಜೊತೆ ಸ್ವಲ್ಪ ದೂರ ಒಂದು ಸದ್ದಾದರೂ ಹೋಗಬೇಕು ಮೇಷ್ಟ್ರೇ" ಎಂದು ನನಗೆ ಹೇಳಿದ್ದರು. ಈ ವರ್ಷ ಶುಭ ಶುಕ್ರವಾರದ ಬೆಳಗ್ಗೆ ಅವರೇ ಹೊರಟುಹೋದರು. ಯೇಸುವಿನ ಮರಣದ ಶೋಕದಲ್ಲಿ ಆ ದಿನ ಚರ್ಚಿನ ಗಂಟೆ ಹೊಡೆಯುವಂತಿಲ್ಲ. "ಎಲ್ಲರಿಗೂ ಹೊಡೆದ ಕೈ ಅದು. ಅವರಿಗೊಂದು ಗಂಟೆ ಇಲ್ವಾ ಫಾದರ್?" ಎಂದು ಜ್ಞಾನಮ್ಮ ಪಾದ್ರಿಗಳನ್ನು ಕೇಳಿದರು. ಮಗಳು ಸಗಾಯಮೇರಿ ಚರ್ಚಿನೊಳಗೆ ಹೋಗಿ, ಆ ಶೋಕದ ದಿನಗಳಲ್ಲಿ ಗಂಟೆಯ ಬದಲು ಆಡಿಸುವ ಮರದ ಗಿಲಕಿಯನ್ನು ತಂದಳು. ಹಳೆಯ ಬಾಗಿಲಿನ ಹಲಗೆಯಿಂದ ಅದನ್ನು ಮಾಡಿಕೊಟ್ಟವರು ಅವಳ ಅಪ್ಪನೇ. ಸಂಜೆ ಶವಪೆಟ್ಟಿಗೆಯ ಮುಂದೆ ಅವಳು ಅದನ್ನು ಆಡಿಸುತ್ತಾ ನಡೆದಳು. ಆ ಒಣ ಕಟಕಟ ಸದ್ದಿಗೆ ಬೀದಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಎಲ್ಲವೂ ಅವರು ಎಣ್ಣೆ ಬಿಟ್ಟಿದ್ದ ಕೀಲುಗಳು, ಒಂದೂ ಕಿರುಗುಟ್ಟಲಿಲ್ಲ.