ಆರ್ಗಾನ್ ಅಂದರೆ ಸೋಮಾರಿ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೇ. ಲಿಥಿಯಂ ಅನ್ನುವ ಹೆಸರಿಗೆ ಏನರ್ಥ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದಕ್ಕೆ ನಾಲಿಗೆ ಏಳದೆ, ‘ಬೆಳಕು ಕೊಡುವುದು’ ಅಂದುಬಿಟ್ಟೆ. ಹೇಳಿದ್ದು ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ, ತೆರಕಣಾಂಬಿ ದಾಟಿದ ಮೇಲೆ, ಅರ್ಧ ಕಣ್ಣು ಮುಚ್ಚಿಕೊಂಡು. ಇಡೀ ಒಂದು ತರಗತಿಗೆ ಕುತ್ತು ತರುವುದಕ್ಕೆ ಅಷ್ಟು ನಿದ್ದೆಗಣ್ಣು ಸಾಕು ಅಂತ ಆಗ ತಿಳಿದಿರಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ಬಿ.ಎಸ್ಸಿ. ಮುಗಿಸಿ ಚಾಮರಾಜನಗರದ ಒಂದು ಖಾಸಗಿ ಕಾಲೇಜಿನಲ್ಲಿ ಪಾರ್ಟ್‌ಟೈಮ್ ಕೆಮಿಸ್ಟ್ರಿ ಮೇಷ್ಟ್ರಾಗಿದ್ದೆ. ಪಾರ್ಟ್‌ಟೈಮ್ ಅನ್ನುವುದು ಸಂಬಳಕ್ಕೆ ಮಾತ್ರ, ದಣಿವು ಫುಲ್‌ಟೈಮ್. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು, ನಡುವೆ ನನ್ನಷ್ಟೇ ಆಕಳಿಸುವ ಹುಡುಗರು. ಇದ್ದ ಒಂದೇ ಗೆಲುವು ಅಂದರೆ ನನ್ನ ಗಂಟಲು. ಯಾರ ದನಿ ಕಿವಿಗೆ ಬಿದ್ದರೂ ಮಾರನೆಯ ದಿನ ಅದು ನನ್ನ ಬಾಯಲ್ಲಿರುತ್ತಿತ್ತು. ಕಂಡಕ್ಟರು, ಬಸ್ ನಿಲ್ದಾಣದ ಹೂವಿನಮ್ಮ, ಟೀ ಅಂಗಡಿಯವನು, ಕೊನೆಗೆ ಬೋರ್ಡಿಗೆ ಮುಖ ಮಾಡಿ ಆಕಳಿಕೆ ನುಂಗುವ ನಾನು. “ಇನ್ನೊಂದ್ಸಲ ಮಾಡಪ್ಪಾ ಅದ್ನ” ಅಂತ ಹಿಂದಿನ ಸೀಟಿನವರು ಕೇಳುತ್ತಿದ್ದರು. ಮಾಡುತ್ತಿದ್ದೆ. ಬೇಡ ಅನ್ನುವುದು ಮಾಡುವುದಕ್ಕಿಂತ ಆಯಾಸದ ಕೆಲಸವಾಗಿತ್ತು.

ಅದೇ ಬಸ್ಸಿಗೆ ದಿನವೂ ಬರುತ್ತಿದ್ದವರು ಒಬ್ಬ ಉರ್ದು ಶಾಲೆಯ ಟೀಚರು. ಗುಂಡ್ಲುಪೇಟೆಯಲ್ಲಿ ಪಾತ್ರೆಗೆ ಕಲಾಯಿ ಹಾಕುವ ಸಾಬರ ಮಗಳು, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ನನ್ನ ಅಣಕಕ್ಕೆ ಬಸ್ಸೆಲ್ಲ ನಕ್ಕರೆ ಅವರು ಮಡಿಲಲ್ಲಿದ್ದ ಮಕ್ಕಳ ನೋಟ್‌ಬುಕ್ಕಿನಿಂದ ತಲೆ ಎತ್ತಿ ಒಂದು ಕ್ಷಣ ನೋಡಿ, ಮತ್ತೆ ತಿದ್ದುತ್ತಿದ್ದರು.

ಚಾಮರಾಜನಗರದ ಅವರ ಶಾಲೆ ಇದ್ದದ್ದು ಏಳನೆಯವರೆಗೆ. ಎಂಟನೆಯದನ್ನೂ ಅಲ್ಲೇ ತೆರೆಯಲು ಅರ್ಜಿ ಹಾಕಿದ್ದರು. ಊರಿನ ಆ ತುದಿಯ ಹೈಸ್ಕೂಲಿಗೆ ಹುಡುಗಿಯರನ್ನು ಕಳಿಸುವುದಿಲ್ಲ, ಇಲ್ಲೇ ತೆಗೆದರೆ ಓದಲಿ, ಇಲ್ಲದಿದ್ದರೆ ಮನೆಯಲ್ಲಿರಲಿ ಎಂದು ಹೆತ್ತವರು ಖಂಡಿತವಾಗಿ ಹೇಳಿದ್ದರಂತೆ. ಜಿಲ್ಲೆ ಆಗಿನ್ನೂ ಮೈಸೂರೇ. ಅಲ್ಲಿಂದ ಇನ್‌ಸ್ಪೆಕ್ಟರು ಬಂದು ಕೋಣೆ ನೋಡಿ, ವಿಜ್ಞಾನದ ಪಾಠ ನೋಡಿ ಒಪ್ಪಿಗೆ ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಅದಕ್ಕೆ ಟೀಚರು ಗೋಡೆಗೊಂದು ಚಾರ್ಟು ಮಾಡಬೇಕೆಂದಿದ್ದರು: ಮೂಲವಸ್ತುವಿನ ಇಂಗ್ಲಿಷ್ ಹೆಸರು, ಆ ಹೆಸರಿನ ಅರ್ಥ, ಪಕ್ಕದಲ್ಲಿ ಉರ್ದು. ಅರ್ಥ ತಿಳಿಯದೆ ಉರು ಹೊಡೆದ ಹೆಸರು ಸಂಜೆಯವರೆಗೂ ನಿಲ್ಲುವುದಿಲ್ಲ ಎಂಬುದು ಅವರ ಅನುಭವ. ಇಂಗ್ಲಿಷ್ ಹೆಸರಿನ ಅರ್ಥ ನೀವು ಹೇಳಿ ಸಾರ್, ಉರ್ದು ನಾನು ನೋಡಿಕೊಳ್ಳುತ್ತೇನೆ ಅಂದರು.

ಸಾರ್ ಅಂದದ್ದೇ ಕೆಲಸ ಕೆಡಿಸಿತು. ಕಾಲೇಜಿನಲ್ಲಿ ಹುಡುಗರು ಕೂಡ ನನ್ನನ್ನು ಅಷ್ಟು ಮನಸ್ಸಿಟ್ಟು ಸಾರ್ ಅಂದಿರಲಿಲ್ಲ.

ಲೋಹಗಳಿಂದ ಶುರುವಾಯಿತು. ತವರಕ್ಕೆ ಅವರಲ್ಲಿ ಕಲಾಯಿ ಎಂದೇ ಹೆಸರು. ಅಪ್ಪನ ಕಸುಬು ಹಾಗೇ ಪಟ್ಟಿಯೊಳಗೆ ಬಂದು ಕುಳಿತಿತು. ಸತುವಿಗೆ ಜಸ್ತ್. ಗಂಧಕ ಅಲ್ಲೂ ಗಂಧಕ್, ಅದಕ್ಕೆ ಇಬ್ಬರೂ ನಕ್ಕೆವು. ಪಾದರಸಕ್ಕೆ ಬಂದಾಗ ಅವರು ಪೆನ್ಸಿಲ್ ನಿಲ್ಲಿಸಿ, “ಮನೇಲಿ ಪಾರಾ ಅಂತೀವಿ. ಪುಸ್ತಕದಲ್ಲಿ ಸೀಮಾಬ್. ಸೀಮ್ ಅಂದ್ರೆ ಬೆಳ್ಳಿ, ಆಬ್ ಅಂದ್ರೆ ನೀರು” ಅಂದರು.

ನಾನು ಎದ್ದು ಕುಳಿತೆ. ಇಂಗ್ಲಿಷಿನ ಮರ್ಕ್ಯುರಿ ಯಾವುದೋ ಪರದೇಶದ ದೇವರ ಹೆಸರು. ಆದರೆ ಅದರ ಗುರುತು ಎಚ್‌ಜಿ. ಅದು ಬಂದದ್ದು ಹೈಡ್ರಾರ್ಜಿರಮ್ ಎಂಬ ಹಳೆಯ ಹೆಸರಿನಿಂದ, ಅದರರ್ಥವೂ ನೀರುಬೆಳ್ಳಿ. ಎಲ್ಲೋ ಇದ್ದ ಎರಡು ದೇಶದ ಜನ ಒಂದೇ ವಸ್ತುವನ್ನು ನೋಡಿ ಒಂದೇ ಮಾತು ಆಡಿದ್ದರು. ನಾನು ಮಾತ್ರ ಎಚ್‌ಜಿ ಬಾಯಿಪಾಠ ಮಾಡಿ ಬನ್ನಿ ಅಂತ ತರಗತಿಗೆ ತರಗತಿಯನ್ನೇ ಗದರಿಸಿಕೊಂಡಿದ್ದೆ. ಅದನ್ನು ಅವರಿಗೆ ಹೇಳಿದೆ. ಅವರು ಬರೆದುಕೊಂಡು ಕೆಳಗೆ ಗೆರೆ ಎಳೆದರು.

ಅಲ್ಲಿಗೇ ನಿಲ್ಲಿಸಿ, ಉಳಿದದ್ದು ನೋಡಿ ಹೇಳುತ್ತೇನೆ ಅಂದಿದ್ದರೆ ಇದನ್ನು ಬರೆಯುವ ಅಗತ್ಯ ಬೀಳುತ್ತಿರಲಿಲ್ಲ. ಮುಂದೆ ನನ್ನ ಹಳೇ ಚಾಳಿ ಎದ್ದಿತು. ಆರ್ಗಾನ್ ಅಂದರೆ ಸೋಮಾರಿ, ಯಾರ ಜೊತೆಗೂ ಸೇರದೆ ಸುಮ್ಮನೆ ಬಿದ್ದಿರುವುದು. ಇದು ಸತ್ಯ. ಆದರೆ ಹೇಳಿದ್ದು ನಮ್ಮ ಕಂಡಕ್ಟರನ ದನಿಯಲ್ಲಿ: “ಇಳ್ಯೋರು ಇಳ್ಕಳಿ, ಸೀಟಿ ಊದಕ್ಕೂ ಆಗಕಿಲ್ಲ ಕಣ.” ಬ್ರೋಮಿನ್ ಅಂದರೆ ದುರ್ನಾತ. ಅದೂ ಸತ್ಯ, ಹೇಳಿದ್ದು ಮೂಗು ಮುಚ್ಚಿಕೊಂಡ ಹೂವಿನಮ್ಮನಾಗಿ. ಕ್ಸೆನಾನ್ ಅಂದರೆ ಪರಕೀಯ. ಅದಕ್ಕೆ ಗುಂಡ್ಲುಪೇಟೆಯಲ್ಲಿ ದಾರಿ ಕೇಳುವ ಮಲಯಾಳಿ ಲಾರಿ ಡ್ರೈವರನನ್ನು ಕರೆತಂದೆ. ಬಸ್ಸೆಲ್ಲ ನಕ್ಕಿತು. ಟೀಚರು ನಕ್ಕರೋ ಇಲ್ಲವೋ, ನಾನು ನೋಡಲಿಲ್ಲ.

ಇನ್ನು ಗೊತ್ತಿಲ್ಲದವು ಉಳಿದವು. ಅವಕ್ಕೆ ನನ್ನಲ್ಲಿ ಬೇರೆಯೇ ದನಿಯಿತ್ತು. ನಮ್ಮ ಪ್ರಿನ್ಸಿಪಾಲರದು ಬಾವಿಯ ತಳದಿಂದ ಎದ್ದು ಬರುವಂಥ ಗಂಟಲು. ನಾಳೆ ರಜೆ ಅಂದರೂ ಶಾಸನ ಓದಿದಂತೆ ಕೇಳಿಸುತ್ತಿತ್ತು. ತರಗತಿಯಲ್ಲಿ ಉತ್ತರ ಬಾರದಾಗಲೆಲ್ಲ ನಾನು ಆ ಗಂಟಲನ್ನು ಎರವಲು ತರುತ್ತಿದ್ದೆ, ಹುಡುಗರು ತೆಪ್ಪಗಾಗುತ್ತಿದ್ದರು. ಟೀಚರು ನಮ್ಮ ಕಾಲೇಜಿನ ಗೇಟನ್ನೂ ಕಂಡವರಲ್ಲ, ಆ ದನಿ ಯಾರದೆಂದು ಅವರಿಗೆ ತಿಳಿಯುವಂತಿರಲಿಲ್ಲ. ಲಿಥಿಯಂ, ಬೆಳಕು ಕೊಡುವುದು. ಕ್ರಿಪ್ಟಾನ್, ಪರಿಶುದ್ಧವಾದದ್ದು. ನಿಯಾನ್, ಬಣ್ಣಗಳ ಒಡೆಯ. ಕಣ್ಣು ಅರ್ಧ ಮುಚ್ಚಿ, ನಿಧಾನವಾಗಿ, ಕೆಳಗಿನ ಸ್ಥಾಯಿಯಲ್ಲಿ, ಒಂದೊಂದಾಗಿ ಹೇಳಿದೆ.

ಕಾಲೇಜಿನ ಬೀರುವಿನಲ್ಲಿ ದಪ್ಪನೆಯ ಡಿಕ್ಷನರಿ ಇತ್ತು. ಬೀಗದ ಕೈ ಗುಮಾಸ್ತರ ಹತ್ತಿರ. ಕೇಳಿದರೆ ಅವರು ಯಾಕೆ ಅನ್ನುತ್ತಾರೆ, ಯಾಕೆ ಅಂತ ಹೇಳಬೇಕು. ಇವತ್ತು ಬೇಡ, ನಾಳೆ ಅಂದುಕೊಂಡೆ. ಆರ್ಗಾನಿನ ಅರ್ಥ ನನಗೆ ಡಿಕ್ಷನರಿ ಇಲ್ಲದೆಯೂ ಗೊತ್ತಿದ್ದದ್ದು ಯಾಕೆ ಅಂತ ಬೇರೆ ಹೇಳಬೇಕಿಲ್ಲ.

ಆ ಭಾನುವಾರ ಅಮ್ಮ ಕೊಟ್ಟ ಹಿತ್ತಾಳೆ ಪಾತ್ರೆ ಹಿಡಿದು ಕಲಾಯಿ ಸಾಬರ ಹತ್ತಿರ ಹೋಗಿದ್ದೆ. ಅವರು ತಿದಿ ಒತ್ತುತ್ತ, ನಮ್ಮ ಹುಡುಗಿ ಎರಡು ದಿನದಿಂದ ಕುಳಿತು ದೊಡ್ಡ ಹಾಳೆಯಲ್ಲಿ ಬರೆದಳು ಎಂದು ಹೇಳಿ ಸುತ್ತಿಟ್ಟ ಚಾರ್ಟನ್ನು ಗಡ್ಡದಿಂದಲೇ ತೋರಿಸಿದರು. “ನನ್ ಕಲಾಯೀನೂ ಇಸ್ಕೂಲ್ ಗೋಡೆ ಮ್ಯಾಲೆ ಬತ್ತದಂತೆ ಕಣಪ್ಪಾ” ಅಂದರು. ಬಿಚ್ಚಿ ನೋಡಬೇಕಿತ್ತು. ಕೈಗೆ ಮಸಿಯಾಗಿತ್ತು ಅನ್ನುವ ನೆಪ ಸಿಕ್ಕಿತು.

ಇನ್‌ಸ್ಪೆಕ್ಟರು ಬಂದುಹೋದ ಮಾರನೆಯ ಬೆಳಿಗ್ಗೆ ಟೀಚರು ನನ್ನ ಪಕ್ಕದ ಸೀಟಿಗೆ ಬಂದು ಕುಳಿತು, ನಡೆದದ್ದನ್ನು ದನಿ ಏರಿಸದೆ ಹೇಳಿದರು. ಬಂದವರು ಮೊದಲು ವಿಜ್ಞಾನದ ಮೇಷ್ಟ್ರಾಗಿದ್ದವರಂತೆ. ಪಾದರಸದ ಸಾಲು ಓದಿ ಬಹಳ ಖುಷಿಪಟ್ಟು, ಪಕ್ಕದಲ್ಲಿದ್ದವರಿಗೂ ತೋರಿಸಿದರಂತೆ. ಆಮೇಲೆ ಒಬ್ಬ ಹುಡುಗಿಯನ್ನು ನಿಲ್ಲಿಸಿ ಲಿಥಿಯಂ ಕೇಳಿದರು. ಅವಳು ಒಂದಕ್ಷರ ತಪ್ಪದೆ ಬೆಳಕು ಕೊಡುವುದು ಅಂದಳು. ಅವರು ಕಲ್ಲು ಅಂದರು. ನಿಯಾನ್ ಎಂದರೆ ಹೊಸದು, ಕ್ರಿಪ್ಟಾನ್ ಎಂದರೆ ಅಡಗಿರುವುದು ಅಂದರು. ಆರ್ಗಾನಿಗೆ ಅರ್ಥವೇ ಬರೆದಿಲ್ಲವಲ್ಲ ಎಂದು ಕೇಳಿ, ಸೋಮಾರಿ ಎಂದು ತಾವೇ ಹೇಳಿದರು. ಯಾರು ಹೇಳಿಕೊಟ್ಟದ್ದು ಅಂದಾಗ ಟೀಚರು ನನ್ನ ಹೆಸರಾಗಲಿ ಕಾಲೇಜಿನ ಹೆಸರಾಗಲಿ ಎತ್ತಲಿಲ್ಲ, ತಪ್ಪು ತಮ್ಮದೇ ಅಂದರು. ವಿಜ್ಞಾನ ಬೋಧನೆ ತೃಪ್ತಿಕರವಲ್ಲ, ಮತ್ತೆ ಬಂದು ನೋಡಬೇಕು ಎಂದು ಬರೆದು ಅವರು ಹೋದರು.

ಮತ್ತೆ ಬರುವಷ್ಟರಲ್ಲಿ ಆ ವರ್ಷ ಮುಗಿದಿತ್ತು. ಮರುವರ್ಷ ಎಂಟನೆಯದು ತೆರೆಯಿತು, ನಿಜ. ಲಿಥಿಯಂ ಹೇಳಿದ ಆ ಹುಡುಗಿ ಅಷ್ಟರಲ್ಲಿ ಮನೆ ಸೇರಿ, ಮತ್ತೆ ಬರಲಿಲ್ಲ.

ಆದರೆ ಅದೆಲ್ಲ ಆಮೇಲೆ ತಿಳಿದದ್ದು. ಆ ಬೆಳಿಗ್ಗೆ ಬಸ್ಸಿನಲ್ಲಿ ನನಗೆ ನನ್ನ ಮಾನದ್ದೇ ಚಿಂತೆ. ಆರ್ಗಾನು, ಬ್ರೋಮಿನ್ನು ಎಲ್ಲ ಸರಿಯಾಗಿಯೇ ಹೇಳಿದ್ದೆನಲ್ಲ ಮೇಡಂ, ಸತ್ಯವನ್ನು ಬಿಟ್ಟು ಸುಳ್ಳನ್ನು ಯಾಕೆ ಬರೆದುಕೊಂಡಿರಿ ಅಂದೆ. ಅವೆಲ್ಲ ತಮಾಷೆ ಅಂದುಕೊಂಡು ಬಿಟ್ಟೆ ಅಂದರು. ಹಾಗಾದರೆ ಲಿಥಿಯಂ ತಮಾಷೆ ಅನ್ನಿಸಲಿಲ್ಲವೇ, ಅದನ್ನು ಹೇಳಿದ್ದು ನಮ್ಮ ಪ್ರಿನ್ಸಿಪಾಲರ ದನಿಯಲ್ಲಿ ಅಂತ, ಜಾಣತನವೆಂಬಂತೆ, ಹೇಳಿಯೂ ಬಿಟ್ಟೆ.

ಅವರು ನೋಟ್‌ಬುಕ್ಕುಗಳನ್ನು ಚೀಲದೊಳಗೆ ಇಟ್ಟು ಜಿಪ್ ಎಳೆದರು.

“ಅದೇ ನಿಮ್ಮ ಸ್ವಂತ ದನಿ ಅಂತ ನಂಬಿ ಬರ್ಕೊಂಡೆ ಸಾರ್. ಅದೂ ಬೇರೆಯವರದ್ದಾದ್ರೆ, ನಿಮ್ಮದು ಯಾವುದು?”