ಸೂಜಿಯಕ್ಕ ನಿಜ ಹೇಳಿದ್ದು

ಟೀವಿ ಸ್ಟುಡಿಯೋದ ಹಿಂಬದಿ ಕೋಣೆಯಲ್ಲಿ ಕೂತು ಹಾಸ್ಯ ಧಾರಾವಾಹಿಯೊಂದಕ್ಕೆ ಬಟ್ಟೆ ಹೊಲಿಯುತ್ತಿದ್ದವಳನ್ನು ಎಲ್ಲರೂ ಸೂಜಿಯಕ್ಕ ಎನ್ನುತ್ತಿದ್ದರು. ಅದೇ ಕೋಣೆಯ ಕನ್ನಡಿಯ ಮುಂದೆ ನಟಿಯರಿಗೆ ಮೇಕಪ್ ಮಾಡುತ್ತಿದ್ದವಳು ಬಣ್ಣದಕ್ಕ. ಒಬ್ಬಳಿಗೆ ನೆಗಡಿಯಾದರೆ ಇನ್ನೊಬ್ಬಳು ಸೀನುವಷ್ಟು ಸ್ನೇಹ. ಆದರೆ ಸೂಜಿಯಕ್ಕನ ಬಾಯಲ್ಲಿ ಯಾರಿಗೂ 'ಚೆನ್ನಾಗಿಲ್ಲ', 'ಬೇಡ' ಎಂಬ ಮಾತೇ ಬಂದದ್ದಿಲ್ಲ. ಅತ್ತೆ ಸೀಯಿಸಿದ ಅಡುಗೆಯನ್ನೂ ಹೊಗಳಿ, ಎರಡನೇ ಸಲ ಬಡಿಸಿಕೊಂಡು ನರಳಿದವಳು ಅವಳು.

ಬಣ್ಣದಕ್ಕನಿಗೆ ಇನ್ನೊಂದು ದೊಡ್ಡ ಸ್ಟುಡಿಯೋದಿಂದ ಕರೆ ಬಂದಾಗಲೂ ಅಷ್ಟೇ. "ಹೋಗೇ, ಒಳ್ಳೇದಾಗ್ಲಿ" ಅಂದುಬಿಟ್ಟಳು. ಮನೆಗೆ ಹೋಗಿ ಗಂಡನ ಅಂಗಿಗೆ ಗುಂಡಿಯ ಬದಲು ಹುಕ್ಕು ಹೊಲಿದಳು.

ಮುಂದಿನ ವಾರದ ಕಂತು ಇಬ್ಬರು ಗೆಳತಿಯರು ಮೊದಲ ಸಲ ಮನಸ್ಸು ಬಿಚ್ಚಿ ನಿಜ ಹೇಳಿಕೊಳ್ಳುವ ಕಥೆ. ನಟಿಯರು ಎಷ್ಟು ಸಲ ಮಾಡಿದರೂ ದೃಶ್ಯ ಸಪ್ಪೆ. ನಿರ್ದೇಶಕಿ ರೋಸಿಹೋಗಿ, ಮೂಲೆಯಲ್ಲಿದ್ದ ಇವರಿಬ್ಬರನ್ನು ಎಳೆದು ತಂದಳು.

"ನಿಜವಾದ ಸ್ನೇಹಿತೆಯರು ನೀವು. ನೀವಾಗಿದ್ರೆ ಹೇಗೆ ಹೇಳ್ತಿದ್ರಿ, ತೋರಿಸಿ."

ಬಣ್ಣದಕ್ಕ ಕಾಯಲೇ ಇಲ್ಲ. "ನೀನು ಹೊಲೀತಾ ಹಾಡ್ತೀಯಲ್ಲ, ಅದಕ್ಕೇ ಕಣೇ ನಾನು ಕಿವಿಗೆ ಹತ್ತಿ ಇಟ್ಕೊಳ್ಳೋದು. ಕಿವಿನೋವು ಅಂದಿದ್ದು ಸುಳ್ಳು!"

ಸೂಜಿಯಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮರುಗಳಿಗೆ ಕಟ್ಟೆ ಒಡೆಯಿತು. "ತಂಗಿ ಮದುವೇಲಿ ನಂಗೆ ಹುಬ್ಬು ಬರೆದೆಯಲ್ಲ, ಥೇಟ್ ಜೋಡಿ ಕಂಬಳಿಹುಳ! ನಲ್ಲಿ ಕೆಳಗೆ ತೊಳ್ಕೊಂಡೇ ಫೋಟೋಗೆ ನಿಂತೆ!"

"ಅಯ್ಯೋ ಪಾಪಿ!"

ಲೈಟಿನವನು ಏಣಿ ತಬ್ಬಿಕೊಂಡು ನಗುತ್ತಿದ್ದ. ತಾನೂ ನಗುನಗುತ್ತಲೇ ಸೂಜಿಯಕ್ಕ ಅಂದಳು: "ಹೋಗು ಅಂದೆನಲ್ಲ, ಅದೂ ಸುಳ್ಳೇ. ಹೋಗ್ಬೇಡ ಕಣೇ. ಆ ಕೋಣೇಲಿ ನಾನು ಯಾರ ಜೊತೆ ಹರಟೆ ಹೊಡೀಲಿ?" ಅಷ್ಟರಲ್ಲಿ ಕಣ್ಣು ತುಂಬಿತ್ತು.

ಬಣ್ಣದಕ್ಕ ಸೊಂಟದ ಮೇಲೆ ಕೈಯಿಟ್ಟಳು. "ಬರಲ್ಲ ಅಂತ ಅವರಿಗೆ ಹೋದ ವಾರವೇ ಹೇಳಿಯಾಯ್ತು."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ನಿನ್ನ ಬಾಯಿಂದ ಬೇಡ ಅನ್ನೋ ಮಾತು ಬರ್ಲಿ ಅಂತ ಕಾಯ್ತಿದ್ದೆ. ನೀನೋ, ಮುತ್ತು ಉದುರಿಹೋಗುತ್ತೆ ಅನ್ನೋ ಹಾಗೆ ತುಟಿ ಹೊಲ್ಕೊಂಡಿದ್ದೆ!"

ಸೂಜಿಯಕ್ಕ ಕೊರಳಲ್ಲಿದ್ದ ಅಳತೆಪಟ್ಟಿ ತೆಗೆದು ಅವಳ ಬೆನ್ನಿಗೆ ಬಾರಿಸಿದಳು. ಇಬ್ಬರೂ ಸೆಟ್ಟಿನ ಸೋಫಾದ ಮೇಲೆ ಬಿದ್ದು ಉಸಿರು ಕಟ್ಟುವಂತೆ ನಕ್ಕರು. ನಟಿಯರು ಅವರನ್ನು ಎಬ್ಬಿಸಿ, ಅದೇ ಬಿಸಿಯಲ್ಲಿ ದೃಶ್ಯ ಮುಗಿಸಿದರು. ಒಂದೇ ಟೇಕಿಗೆ ಓಕೆ.

ಸಂಜೆ ಬಸ್‌ಸ್ಟಾಪಿನಲ್ಲಿ ಇನ್ನೂ ಉಳಿದಿದ್ದ ನಿಜಗಳನ್ನು ಹೇಳಿಕೊಳ್ಳುತ್ತ, ಒಬ್ಬರ ಮೇಲೊಬ್ಬರು ಬಿದ್ದು ನಗುತ್ತ, ಇಬ್ಬರೂ ಒಂದಾದ ಮೇಲೊಂದು ಬಸ್ಸು ತಪ್ಪಿಸಿಕೊಂಡು, ಕೊನೆಗೆ ನಡೆದೇ ಮನೆ ಸೇರಿದರು.